ಬೇಲಿ ಮಾವ ನೋಡದೆ ಒಪ್ಪಿದ ಸಾಲು

ಆಫೀಸಿನಲ್ಲಿ ನಮ್ಮೆಲ್ಲರ ಪ್ರೋಗ್ರಾಂ ಪರೀಕ್ಷಿಸುವ ಹಿರಿಯರಿಗೆ ‘ಬೇಲಿ ಮಾವ’ ಎಂದು ಹೆಸರಿಟ್ಟವಳು ನಾನೇ. ಪ್ರೋಗ್ರಾಂ ಬರೆಯುವಾಗ ‘ಹೀಗಾದರೆ ಹಾಗೆ ಮಾಡು’ ಎಂಬ ಷರತ್ತು ಬಂದಲ್ಲೆಲ್ಲ, ಅದರ ಕೆಳಗೆ ಒಂದೇ ಸಾಲಿದ್ದರೂ ಸುತ್ತ ಬೇಲಿಯಂತೆ ಬ್ರಾಕೆಟ್ ಹಾಕಲೇಬೇಕು ಎಂಬುದು ಅವರ ಹಟ. ಹಾಕದಿದ್ದರೆ ಕಂಪ್ಯೂಟರು ಷರತ್ತನ್ನು ಮೊದಲ ಸಾಲಿಗೆ ಮಾತ್ರ ಅನ್ವಯಿಸುತ್ತದೆ. ಎರಡನೆಯ ಸಾಲನ್ನು ನಾವು ಎಷ್ಟೇ ಅಂದವಾಗಿ ಒಳಗೆ ಸರಿಸಿ ಬರೆದರೂ ಅದಕ್ಕೆ ಕಾಣುವುದಿಲ್ಲ.

“ಇವತ್ತು ಒಂದೇ ಸಾಲು ಅಂತೀಯ. ನಾಳೆ ಯಾರೋ ಬಂದು ಇನ್ನೊಂದು ಸೇರಿಸ್ತಾರೆ. ಬೇಲಿ ಹಾಕಮ್ಮ,” ಎನ್ನುತ್ತಿದ್ದರು.

“ಒಂದು ಗಿಡಕ್ಕೆ ಎಷ್ಟು ಬೇಲಿ ಸರ್?” ಎಂದು ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಎಲುಬಿಲ್ಲದ ನಾಲಿಗೆ ನನ್ನದು.

ಆ ‘ಯಾರೋ’ ನಾನೇ ಆದೆ. ರಕ್ತನಿಧಿಯ ಫ್ರಿಜ್ ಬಿಸಿಯಾದರೆ ಗಂಟೆ ಬಾರಿಸುವ ಪ್ರೋಗ್ರಾಂ ಅದು. ‘ಸಿಬ್ಬಂದಿ ಗಂಟೆ ನಿಲ್ಲಿಸಿದ್ದರೆ ಬರೆದಿಡು’ ಎಂಬ ಹಳೆಯ ಷರತ್ತಿಗೆ ಬೇಲಿ ಇರಲಿಲ್ಲ, ನಾನೂ ಹಾಕಲಿಲ್ಲ. ನಿಲ್ಲಿಸಿದ ಗಂಟೆ ಮತ್ತೆ ಬಾರಿಸದಿರಲಿ ಎಂದು ಕೆಳಗೆ ‘ಇಲ್ಲಿಗೆ ಮುಗಿಸು’ ಎಂಬ ಒಂದು ಸಾಲು ಸೇರಿಸಿದೆ. ಮಾವನ ಒಪ್ಪಿಗೆಯಿಲ್ಲದೆ ಅದು ಮುಂದೆ ಹೋಗುವಂತಿರಲಿಲ್ಲ. ಅವತ್ತು ಅವರ ಹೆಂಡತಿಗೆ ಆಪರೇಷನ್. ಆಸ್ಪತ್ರೆಗೆ ಹೊರಟವರನ್ನು ಲಿಫ್ಟಿನ ಬಾಗಿಲಲ್ಲೇ ತಡೆದೆ.

“ಒಂದೇ ಸಾಲು ಸರ್, ನೋಡೋಕೇನಿದೆ?”

ಫೋನಿನಲ್ಲೇ, ನೋಡದೆ ಒಪ್ಪಿಗೆ ಒತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ.

ನನ್ನ ಸಾಲು ಷರತ್ತಿನ ಹೊರಗೆ ಬಿದ್ದಿತ್ತು. ಪ್ರೋಗ್ರಾಂ ಪ್ರತಿ ಸಲವೂ ಅಲ್ಲೇ ಮುಗಿಯುತ್ತಿತ್ತು, ಗಂಟೆಯವರೆಗೆ ಹೋಗುತ್ತಲೇ ಇರಲಿಲ್ಲ. ಫ್ರಿಜ್ ಕೆಟ್ಟ ದಿನ ನಲವತ್ತು ಚೀಲ ರಕ್ತ ಹಾಳಾಯಿತು. ಒಪ್ಪಿಗೆ ಯಾರದು ಎಂದು ಮೇಲಿನವರು ಕೇಳಿದರು. “ನಂದು,” ಎಂದರು ಮಾವ. ನಾನು ಅಲ್ಲೇ ಕೂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು. ಅವರ ಕೆಲಸ ಹೋಯಿತು, ಹೆಂಡತಿಯ ಚಿಕಿತ್ಸೆಗೆ ಆಫೀಸು ಕೊಡುತ್ತಿದ್ದ ವಿಮೆಯೂ ಹೋಯಿತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ತಿಂಗಳ ಮೇಲೆ ಅವರ ಮನೆಗೆ ಹೋದೆ, ಹೇಳಿಬಿಡಬೇಕೆಂದೇ.

“ಸರ್, ಆ ಸಾಲು...”

“ನಿಂದು, ಗೊತ್ತು. ಪ್ರತಿ ಸಾಲಿಗೂ ಬರೆದವರ ಹೆಸರಿರುತ್ತಲ್ಲಮ್ಮ, ಫ್ರಿಜ್ ಕೆಟ್ಟ ದಿನಾನೇ ನೋಡ್ದೆ. ಬರೆದಿದ್ದು ಯಾರು ಅಂತ ಮೇಲಿನವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. “ಅವಳಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ.”

ಅಷ್ಟರಲ್ಲಿ ಅವರ ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಹಿಂದೆ ನೋಡಿದ್ದರ ಅರ್ಧಕ್ಕಿಳಿದಿದ್ದರು. ನನ್ನ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡರು.

“ಇಷ್ಟು ವರ್ಷ ಅಲ್ಲೇ ದುಡಿದ್ರು. ಒಬ್ಬರೂ ಈ ಕಡೆ ತಲೆ ಹಾಕ್ಲಿಲ್ಲ. ನೀನೊಬ್ಬಳಾದ್ರೂ ಬಂದ್ಯಲ್ಲ ಮಗಳೇ.”

ಆ ಕೈ ಬಿಡಿಸಿಕೊಳ್ಳುವ ಧೈರ್ಯವೂ ನನಗೆ ಬರಲಿಲ್ಲ.