ರಾಣಿ ಅತ್ತಳು, ದೊರೆ ನಕ್ಕರು

ಕಳೆದ ಶನಿವಾರ ಒಬ್ಬ ತಾಯಿಯ ದುಃಖವನ್ನು ನಾನು ಒಂದೇ ಮಾತಿನಲ್ಲಿ ಹಾಳುಮಾಡಿದೆ. ಅದೂ ಇಂಗ್ಲಿಷಿನಲ್ಲಿ.

ಹೊಸಪೇಟೆಗೆ ನಾಟಕ ಕಂಪನಿ ಬಂದಿರುವುದು ನಿಮಗೆ ಗೊತ್ತೇ ಇದೆ. ಸಂಡೂರಿನ ಗಣಿಯ ಇಂಗ್ಲಿಷ್ ಇಂಜಿನಿಯರ್ ದೊರೆ ಹೆಂಡತಿಯೊಂದಿಗೆ ಬರುತ್ತಾರೆಂದು ಅಂದು ಸಂಜೆ ಐದಕ್ಕೇ ಸ್ಪೆಷಲ್ ಆಟ. ಪಕ್ಕದಲ್ಲಿ ಕುಳಿತು ಕಥೆ ಬಿಡಿಸಿ ಹೇಳಲು ನನ್ನನ್ನು ಹಿಡಿದರು. (ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನ ಪಾಡು ಇದು.)

ಹೆಂಗಸರನ್ನು ರಂಗಕ್ಕೆ ಹತ್ತಿಸಿದರೆ ಕಂಪನಿಯ ಮರ್ಯಾದೆ ಹೋದೀತಲ್ಲ, ಹಾಗಾಗಿ ರಾಣಿಯ ಪಾರ್ಟು ಕಂಪ್ಲಿ ಈರಣ್ಣನದು. ನಲವತ್ತರ ಗಂಡಸು, ಇಬ್ಬರು ಮಕ್ಕಳ ತಂದೆ. ಆದರೆ ಸೀರೆ ಉಟ್ಟು ನಿಂತನೆಂದರೆ ನಮ್ಮೂರ ಹೆಂಗಸರು ಅವನನ್ನು ನೋಡಿ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ.

ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ರಾಣಿ ಅಳತೊಡಗಿದಳು. ಡೇರೆಯ ತುಂಬ ಮೂಗು ಸೀಟುವ ಸದ್ದು. ದೊರೆ ಕೂಡ ಕರವಸ್ತ್ರ ತೆಗೆದರು. ನನಗೆ ಹೆಮ್ಮೆ ತಡೆಯಲಿಲ್ಲ. ‘ಸರ್, ಆಕೆ ಗಂಡಸು’ ಎಂದು ಕಿವಿಯಲ್ಲಿ ಹೇಳಿದೆ.

ದೊರೆ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. ಹೆಂಗಸರ ಸಾಲಿನಿಂದ ತಲೆಗಳೆಲ್ಲ ಇತ್ತ ತಿರುಗಿದವು. ಈರಣ್ಣ ಮಾತ್ರ ನಿಲ್ಲಿಸಲಿಲ್ಲ. ದನಿ ತಗ್ಗಿಸಿ, ಮಗನ ಮುಖಕ್ಕೆ ಸೆರಗು ಹೊದಿಸಿ ದೃಶ್ಯ ಮುಗಿಸಿದ.

ಆಟವಾದ ಮೇಲೆ ದೊರೆ ಬಣ್ಣದ ಕೋಣೆಗೇ ಬಂದು ಈರಣ್ಣನ ಕೈ ಕುಲುಕಿದರು. ಅವರ ದೇಶದಲ್ಲಿ ಕ್ರಿಸ್‌ಮಸ್ ಬಂತೆಂದರೆ ದಪ್ಪ ದಪ್ಪ ಗಂಡಸರು ಮುದುಕಿಯರ ಲಂಗ ತೊಟ್ಟು ರಂಗದ ಮೇಲೆ ಕುಣಿಯುತ್ತಾರಂತೆ. ಜನ ಬಿದ್ದು ಬಿದ್ದು ನಗಬೇಕಂತೆ. ನಗದಿದ್ದರೆ ನಟನಿಗೆ ಅವಮಾನ. ‘ನಾನು ಮರ್ಯಾದೆ ಕೊಡಲಿಕ್ಕೇ ನಕ್ಕಿದ್ದು’ ಎಂದರು. ಮುಂದಿನ ವಾರ ತಮ್ಮ ಕ್ಲಬ್ಬಿಗೆ ಬಂದು ಹೀಗೇ ನಗಿಸಬೇಕೆಂದೂ ಕೇಳಿದರು.

ಎಲ್ಲವನ್ನೂ ಕನ್ನಡಕ್ಕೆ ತಂದೆ. ಈರಣ್ಣ ಬಳೆ ತೆಗೆಯುತ್ತಲೇ ಹೇಳಿದ: ‘ಮಾಸ್ತರ್ರ, ನನ್ನ ತಮ್ಮ ಪ್ಲೇಗಿನ್ಯಾಗ ಹೋದಾಗ ನಮ್ಮವ್ವ ಹೆಂಗ ಅತ್ತಿದ್ಲೋ ನಾನು ಹಂಗ ಅತ್ತೀನಿ. ಅವರ ಊರಾಗ ಅದಕ್ಕೂ ನಗ್ತಾರೇನು, ಕೇಳ್ರಿ.’

ನಾನು ದೊರೆಗೆ ಹೇಳಿದ್ದು: ‘ಹಿ ಸೇಸ್ ಥ್ಯಾಂಕ್ಯೂ.’

‘ಥ್ಯಾಂಕ್ಯೂ ಅಂದ್ರ ಏನಂತ ನನಗೂ ತಿಳಿತೈತ್ರಿ’ ಎಂದ ಈರಣ್ಣ.

ಬೈದಿದ್ದರೆ ವಾಸಿಯಿತ್ತು. ತಲೆ ತಗ್ಗಿಸಿ, ಈ ಸಲ ಅವನು ಹೇಳಿದ್ದನ್ನೇ ಹೇಳಿದೆ. ದೊರೆಯ ಮುಖ ಕೆಂಪಾಯಿತು. ಅವರ ಹೆಂಡತಿ ಮುಂದೆ ಬಂದು, ತಮ್ಮನಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ‘ಏಳು’ ಎಂದ ಈರಣ್ಣ. ಆಕೆ ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಕ್ಲಬ್ಬಿನ ಮಾತು ಮತ್ತೆ ಬರಲಿಲ್ಲ.

ಮನೆಗೆ ಬಂದು ನಾನು ಭಾಷಣ ಶುರುಮಾಡಿದೆ. ಸೀರೆ ಉಟ್ಟ ಗಂಡಸು ಅವರಿಗೆ ಬರೀ ತಮಾಷೆ, ನಮಗೆ ಸಾಕ್ಷಾತ್ ತಾಯಿ, ಕಲೆಗೆ ಬೆಲೆ ಕೊಡುವವರು ನಾವು ಎಂದೆಲ್ಲ. ಹೆಂಗಸರ ಸಾಲಿನಲ್ಲಿ ಕುಳಿತು ನಾಟಕ ನೋಡಿ ಬಂದಿದ್ದ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು: ‘ಅಲ್ರೀ, ಆ ಪಾರ್ಟು ಖರೇನ ಹೆಂಗಸು ಮಾಡಿದ್ರ ನನ್ನ ಕರಕೊಂಡು ಹೋಗ್ತಿದ್ರೇನು?’

ನೀವು ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗುತ್ತಿದ್ದಿರಾ?