ಬೂದಿ ಹಾಸಿ ಹರಿಗೋಲು ನಂಬುವವನು

ಮಳೆಗಾಲದ ಮಸುಕು ಬೆಳಗು. ಸವಣೂರು ಸೀಮೆಯ ವರದಾ ದಂಡೆಯಲ್ಲಿ ಬೋರಲಾದ ಹರಿಗೋಲೊಂದಕ್ಕೆ ಎರಡು ಕಾಲು ಮೂಡಿವೆ. ಕಾಲು ಗುದ್ಲೆಪ್ಪ ಅಂಬಿಗೇರನವು. ಬುಟ್ಟಿಯಂಥ ದೋಣಿಯನ್ನು ತಲೆಯ ಮೇಲೆ ಹೊತ್ತು, ಒಳಗಿನ ಕತ್ತಲಲ್ಲಿ ಅವನು ತೊಗಲಿನ ಮೇಲೆ ಬೆಳಕಿನ ಚುಕ್ಕೆ ಹುಡುಕುತ್ತಿದ್ದಾನೆ. ಚುಕ್ಕೆ ಕಂಡರೆ ಅಲ್ಲಿ ತೂತಿದೆ ಎಂದರ್ಥ. ಅದಕ್ಕೇ ಈ ಕಡವಿನಲ್ಲಿ ಬಿಸಿಲೇರುವ ಮೊದಲು ಯಾರೂ ಹೊಳೆಗಿಳಿಯುವಂತಿಲ್ಲ.

ಇವತ್ತು ಒಂದು ಚುಕ್ಕೆಯೂ ಕಾಣುವುದಿಲ್ಲ. ಬೇರೆಯವನಾಗಿದ್ದರೆ ಹಿಗ್ಗುತ್ತಿದ್ದ. ಗುದ್ಲೆಪ್ಪನಿಗೆ ಅನುಮಾನ ಶುರುವಾಗುತ್ತದೆ.

"ಹೊಸಾ ತೊಗಲೋ ಮಾರಾಯ, ನಿನ್ನೆ ತಂದೇನಿ," ಎನ್ನುತ್ತಾನೆ ಕಡವಿನ ಗುತ್ತಿಗೆದಾರ ಮಹಾಲಿಂಗಪ್ಪ.

"ಹೊಸಾ ತೊಗಲು ಇಷ್ಟು ಮೆತ್ತಗಿರಂಗಿಲ್ರೀ," ಎಂದು ಗುದ್ಲೆಪ್ಪ ಅದನ್ನು ಮೂಸಿ ನೋಡುತ್ತಾನೆ. ಒಳ್ಳೆಯ ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿರುವ ಯುದ್ಧಕಾಲ ಇದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲೂ ಚುಕ್ಕೆ ಕಂಡಿರಲಿಲ್ಲ. ಹುಟ್ಟು ಹಾಕುತ್ತಿದ್ದವನು ಅವನ ತಮ್ಮ ಮೈಲಾರಪ್ಪ. ತೂತಿಗೆ ಯಾರೋ ಮೆತ್ತಿದ್ದ ಹಿಟ್ಟು ನಡುಹೊಳೆಯಲ್ಲಿ ಕರಗಿತು. ಕುಂತವರು ಹೇಗೋ ದಡ ಸೇರಿದರು, ಮೈಲಾರಪ್ಪ ಸೇರಲಿಲ್ಲ. ಆವತ್ತಿನಿಂದ ಗುದ್ಲೆಪ್ಪ ಕಣ್ಣನ್ನು ನಂಬುವುದು ಬಿಟ್ಟಿದ್ದಾನೆ. ಈಗ ಅವನು ನಂಬುವುದು ಒಲೆಯ ಬೂದಿಯನ್ನು.

ಹರಿಗೋಲನ್ನು ನಾಲ್ಕು ಕಲ್ಲಿನ ಮೇಲೆ ಕೂಡಿಸಿ, ಅಡಿಯಲ್ಲಿ ಒಣಬೂದಿ ಹರವಿ, ಒಳಗೆ ಕೊಡಗಟ್ಟಲೆ ನೀರು ಸುರಿಯುತ್ತಾನೆ. ಆಮೇಲೆ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು ಕೂತುಬಿಡುತ್ತಾನೆ. ಹನಿ ಬಿದ್ದರೆ ಬೂದಿ ಕಪ್ಪಾಗುತ್ತದೆ. "ನಮ್ಮ ಒಲಿಯೊಳಗಿನ ಬೂದಿನೂ ಹೊಳಿ ಪಾಲಾತು, ಇನ್ನ ಪಾತ್ರಿ ಯಾತರಿಂದ ತಿಕ್ಕಲಿ?" ಎಂದು ಹೆಂಡತಿ ಸರೋಜವ್ವ ದಿನಾ ಗೊಣಗುತ್ತಾಳೆ, ದಿನಾ ಕಟ್ಟಿಯೂ ಕೊಡುತ್ತಾಳೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಎನ್ನುವ ಜನ ಇವತ್ತು ದಾಟುವ ಮೊದಲೇ ಹಂಗು ಹರಿದುಕೊಳ್ಳಲು ನಿಂತಿದ್ದಾರೆ. ಹೆಚ್ಚಿನವರು ಸವಣೂರಿನ ಸಂತೆಗೆ ಹೊರಟವರು. ಗುಂಪಿನಲ್ಲಿರುವ ವೀರವ್ವನ ಸಂಕಟವೇ ಬೇರೆ. ಆಚೆದಡದ ಹತ್ತಿಮತ್ತೂರಿಗೆ ಕೊಟ್ಟ ಮಗಳು ಜ್ವರದಿಂದ ಮಲಗಿದ್ದಾಳೆ.

"ನಿನ್ನ ಕಾಲಿಗೆ ಬೀಳ್ತೇನಿ, ದಾಟಸೋ ಯಪ್ಪಾ," ಎನ್ನುತ್ತಾಳೆ.

"ಒಂದ ಎಲಿ ಅಗದ ಮುಗಿಯೂತನಕ ತಡಿ, ಯವ್ವಾ." ಹೇಳುತ್ತಲೇ ಗುದ್ಲೆಪ್ಪ ಬಗ್ಗಿ ಬೂದಿ ನೋಡುತ್ತಾನೆ.

ಎಲೆ ಮುಗಿಯುತ್ತದೆ. ಬೂದಿ ಒಣಗಿಯೇ ಇದೆ. "ನೋಡಿದಿ? ಇನ್ನ ನೀರ ಚೆಲ್ಲಿ ಮಂದಿ ಹತ್ತಸು. ಇಲ್ಲಂದ್ರ ನಾಳಿಂದ ಬೇರೆ ಅಂಬಿಗ ಬರ್ತಾನ," ಎಂದು ಮಹಾಲಿಂಗಪ್ಪ ಗದರುತ್ತಾನೆ. ಗುದ್ಲೆಪ್ಪ ಅವನ ಮುಖ ನೋಡುತ್ತಾನೆ. ಇಷ್ಟು ಅವಸರ ಯಾಕೆ? ಇವನಿಗೇನಾದರೂ ಗೊತ್ತಿದೆಯೇ? ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಾನೆ. ವೀರವ್ವ "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದು ಶಪಿಸುತ್ತಾಳೆ.

ಎರಡನೆಯ ಎಲೆ ಅರ್ಧ ಅಗಿಯುವಷ್ಟರಲ್ಲಿ ಬೂದಿಯ ಮೇಲೆ ಒಂದು ಕಪ್ಪು ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಅದು ಧಾರೆಯಾಗುತ್ತದೆ. ಗುದ್ಲೆಪ್ಪ ಒಳಗೆ ಕೈಯಿಟ್ಟು ಕೆರೆಯುತ್ತಾನೆ. ಡಾಂಬರಿನ ತೆಳುಪದರದ ಕೆಳಗಿನಿಂದ ಉಗುರಿಗೆ ಬರುವುದು ನಾದಿದ ಗೋಧಿ ಹಿಟ್ಟು.

"ತೊಗಲು ಕೊಟ್ಟಾವ್ನ ಕೇಳ್ತೇನಿ," ಎನ್ನುತ್ತ ಮಹಾಲಿಂಗಪ್ಪ ಬೂದಿಯ ಕಡೆ ನೋಡದೆ ಹೊರಟುಹೋಗುತ್ತಾನೆ. ಹಿಟ್ಟು ಮೆತ್ತಿದ್ದು ಯಾರೆಂದು ಗುದ್ಲೆಪ್ಪ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಹೋಗುತ್ತಿರುವ ಬೆನ್ನಿನ ಮೇಲಿಂದ ಅವನ ಕಣ್ಣು ಕದಲುವುದಿಲ್ಲ.

ಜನ ಮಾತ್ರ ಅವನಿಗೆ ಒಂದು ಒಳ್ಳೆಯ ಮಾತೂ ಆಡುವುದಿಲ್ಲ. ಸಂತೆ ತಪ್ಪಿತೆಂಬ ಸಿಟ್ಟು ಹಿಟ್ಟು ಮೆತ್ತಿದವನ ಮೇಲಲ್ಲ, ಹಿಟ್ಟು ಹುಡುಕಿದವನ ಮೇಲೆ. ಗೊಣಗುತ್ತ ಚದುರುತ್ತಾರೆ. ಗುದ್ಲೆಪ್ಪ ತೇಪೆಯ ತೊಗಲು, ಸೂಜಿ ತೆಗೆದುಕೊಂಡು ಹೊಲಿಯಲು ಕೂರುತ್ತಾನೆ. ಸಂಜೆಯೊಳಗೆ ಮುಗಿಸಬೇಕು, ನಾಳೆ ಮೊದಲು ದಾಟಿಸುವುದು ವೀರವ್ವನನ್ನು. ಅವಳ ಮಗಳ ಜ್ವರ ಇಳಿದಿರಲಿ ಎಂಬುದಷ್ಟೇ ಅವನ ಇವತ್ತಿನ ಹಾರೈಕೆ.

ಇಷ್ಟೊಂದು ಬೈಗುಳ ತಿಂದು ಬೇಸರವಿಲ್ಲವೇ ಎಂದರೆ ಅವನು ಸೂಜಿಯಿಂದ ತಲೆ ಎತ್ತುವುದಿಲ್ಲ.

"ಬೈಲಿ ಬಿಡ್ರಿ. ಬೈಕೋತ ಮನಿಗೆ ಹೋದ್ರು. ಎಲ್ಲಾರೂ ಮನಿಗೆ ಹೋದ್ರಲ್ರೀ."