ಪಂಕ್ತಿಯಿಂದ ನಾನು ಎದ್ದದ್ದು ಯಾಕೆ

ನನ್ನ ಕಾಲಿಗೆ ನೋವಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಿಕ್ಕಿದವರೆಲ್ಲ ಕಾಲುನೋವು ಹೇಗಿದೆ ಎಂದೇ ಕೇಳುತ್ತಾರೆ. ನೋವಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೋವಿಗೆ ಮರ್ಯಾದೆ ಇದೆ. ಮಂಡಿನೋವು ಎಂದರೆ ಕುರ್ಚಿ ತಂದು ಕೊಡುತ್ತಾರೆ, ಎಣ್ಣೆ ಬಿಸಿ ಮಾಡಿ ಕೊಡುತ್ತಾರೆ. ನನಗೆ ಬಂದದ್ದು ಕುರ್ಚಿ ಕೊಟ್ಟರೆ ಹೆಚ್ಚಾಗುವ ಕಾಯಿಲೆ.

ಹೇಗಿರುತ್ತದೆ ಎಂದರೆ, ಸುಮ್ಮನೆ ಕೂತ ಸ್ವಲ್ಪ ಹೊತ್ತಿಗೆ ಮೀನಖಂಡದ ಒಳಗೆ ಏನೋ ಹರಿಯಲು ಶುರುವಾಗುತ್ತದೆ. ಇಂಬಳ, ಅಂದರೆ ಮಳೆಗಾಲದ ಜಿಗಣೆ, ಹತ್ತಿದ ಹಾಗೆ. ಇಂಬಳವಾದರೆ ಸುಣ್ಣ ಮುಟ್ಟಿಸಿ ಉದುರಿಸಬಹುದು, ಇದು ಚರ್ಮದ ಒಳಗೆ, ಮೂಳೆಯ ಹತ್ತಿರ. ಕಾಲು ಅಲ್ಲಾಡಿಸಬೇಕು, ಇಲ್ಲವಾದರೆ ಎದ್ದು ನಡೆಯಬೇಕು. ಎದ್ದ ಕೂಡಲೇ ಮಾಯ. ಕೂತರೆ ಮತ್ತೆ ಹಾಜರು. ಬೆಳಿಗ್ಗೆ ಅಷ್ಟಿಲ್ಲ, ಹೊತ್ತು ಇಳಿಯುತ್ತ ಬಂದ ಹಾಗೆ ಜಾಸ್ತಿ. ರಾತ್ರಿಯ ಮಾತು ಬೇಡವೇ ಬೇಡ.

ನಾನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿ ಆಯುಷ್ಯವೆಲ್ಲ ಒಂದು ಸ್ಟೂಲಿನ ಮೇಲೆ ಕೂತು ಕಳೆದವನು. ಆಗ ಏನೂ ಇರಲಿಲ್ಲ. ಕೆಲಸ ಬಿಟ್ಟು ಆರಾಮಾಗಿ ಕೂರುವ ಕಾಲ ಬಂದಾಗ ಇದು ಬಂತು. ನಮ್ಮ ಕಡೆ ಕೂತಲ್ಲಿ ಕಾಲು ಕುಣಿಸಿದರೆ ಮನೆಗೆ ದರಿದ್ರ ಬರುತ್ತದೆ ಎಂದು ಮಕ್ಕಳಿಗೆ ತೊಡೆಯ ಮೇಲೆ ಬಾರಿಸುತ್ತಾರೆ. ನಾನೂ ಬಾರಿಸಿಕೊಂಡಿದ್ದೆ. ಅರವತ್ತೈದು ದಾಟಿದ ಮೇಲೆ ನನಗಿಂತ ಚಿಕ್ಕವರು, ಕ್ಷೌರದಂಗಡಿಯಲ್ಲಿ, ಸೊಸೈಟಿಯ ಬೆಂಚಿನ ಮೇಲೆ, "ಕಾಲು ನಿಲ್ಸಿ ಮಾರಾಯ್ರೆ, ಮನೆಗೆ ಒಳ್ಳೇದಲ್ಲ" ಎಂದು ಬುದ್ಧಿ ಹೇಳಿದರೆ ಯಾರಿಗೆ ಉರಿಯುವುದಿಲ್ಲ?

ಡಾಕ್ಟರುಗಳ ಕಥೆ ಇನ್ನೊಂದು. ಮೊದಲನೆಯವರು ಮಂಚದ ಮೇಲೆ ಮಲಗಿಸಿ, ಕಾಲು ಒತ್ತಿ, ಎಲ್ಲಿ ನೋವು ಎಂದರು. ಇಲ್ಲ ಎಂದೆ. ಊತ ಇದೆಯಾ ಎಂದು ಅವರೇ ನೋಡಿದರು, ಇರಲಿಲ್ಲ. ನಡೆದು ತೋರಿಸಿ ಎಂದರು. ನಡೆದೆ, ಹುಡುಗನ ಹಾಗೆ. "ಮತ್ತೆಂತ ಕಾಯಿಲೆ ನಿಮ್ಗೆ?" ಎಂದು ನಕ್ಕು ಕ್ಯಾಲ್ಸಿಯಂ ಮಾತ್ರೆ ಬರೆದರು. ಎರಡನೆಯವರು ನಿದ್ದೆ ಮಾತ್ರೆ ಕೊಟ್ಟು, ವಯಸ್ಸಾಯಿತಲ್ಲ, ದೇವರ ಧ್ಯಾನ ಮಾಡಿ ಎಂದರು. ಧ್ಯಾನ ಮಾಡಲು ಕೂರಬೇಕಲ್ಲ! ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಯಾರಿಗೂ ಹೇಳುವುದನ್ನು ಬಿಟ್ಟೆ. ಹೆಂಡತಿಗೆ ಮಾತ್ರ ಗೊತ್ತಿತ್ತು.

ಇಲ್ಲಿಯವರೆಗಿನದು ನನ್ನ ಮೇಲೆ ಆದ ಅನ್ಯಾಯ. ಇನ್ನು ಮುಂದಿನದು ನಾನು ಮಾಡಿದ್ದು.

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗಳಿಗೆ ನರಸಿಂಹರಾಜಪುರದ ಒಂದು ಸಂಬಂಧ ಕೂಡಿ ಬಂತು. ಹುಡುಗ ಅಲ್ಲಿ ಅಪ್ಪನ ಜೊತೆ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದ. ಮಾತುಕತೆಯೆಲ್ಲ ಮುಗಿದ ಮೇಲೆ ನನಗೆ ತಿಳಿಸಿದರು. ಸೋದರಮಾವನನ್ನು ಮೊದಲೇ ಕೇಳಲಿಲ್ಲವಲ್ಲ ಎಂದು ನಾನು ಒಂದೆರಡು ಕಡೆ ಗೊಣಗಿದ್ದೂ ನಿಜ. ನಿಶ್ಚಿತಾರ್ಥಕ್ಕೆ ತಂಗಿಯ ಮನೆಗೆ ಹೋದೆ. ಬೆಳಗಿನಿಂದ ಜಮಖಾನದ ಮೇಲೆ ಚಕ್ಕಂಬಕ್ಕಲು ಹಾಕಿ ಕೂತದ್ದು, ಮೇಲಿಂದ ಮೇಲೆ ಕಾಫಿ ಕುಡಿದದ್ದು. ಊಟಕ್ಕೆ ಎಲೆ ಹಾಕುವಾಗ ಮೂರು ಗಂಟೆ ದಾಟಿತ್ತು. ಸೋದರಮಾವ ಎಂದು ಪಂಕ್ತಿಯ ಮೇಲ್ತುದಿಯಲ್ಲಿ, ಹುಡುಗನ ಅಪ್ಪನ ಪಕ್ಕದಲ್ಲೇ ನನ್ನನ್ನು ಕೂರಿಸಿದರು.

ನಮ್ಮಲ್ಲಿ ಊಟಕ್ಕೆ ಮೊದಲು ಅಂಗೈಯಲ್ಲಿ ನೀರು ಕುಡಿದು ಆಪೋಶನ ತೆಗೆದುಕೊಂಡ ಮೇಲೆ ಎಲ್ಲರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ. ನಡುವೆ ಎದ್ದರೆ ಅದು ಊಟ ಹಾಕಿದವರಿಗೂ ಪಕ್ಕದಲ್ಲಿ ಕೂತವರಿಗೂ ಮಾಡಿದ ಅವಮಾನ. ಹಿಂದೆ ಜಗಳ ಸಾರುವುದಕ್ಕೇ ಹೀಗೆ ಎದ್ದು ಹೋಗುತ್ತಿದ್ದರಂತೆ. ಸಾರು ಬಡಿಸುವಾಗ ನನ್ನ ಕಾಲಿನೊಳಗೆ ಶುರುವಾಯಿತು. ಹಲ್ಲು ಕಚ್ಚಿದೆ. ಎಡಗೈಯಲ್ಲಿ ತೊಡೆ ಚಿವುಟಿದೆ. ಕಾಲು ಬದಲಿಸಿದಾಗ ಮಂಡಿ ತಾಗಿ ಹುಡುಗನ ಅಪ್ಪನ ಲೋಟ ಉರುಳಿ ನೀರು ಅವರ ಎಲೆಯ ಕೆಳಗೆ ಹೋಯಿತು. ಅವರು ಎಲೆ ಎತ್ತಿ ಸರಿಮಾಡಿಕೊಂಡರು. ಪಾಯಸ ಇನ್ನೂ ಪಂಕ್ತಿಯ ಆ ತುದಿಯಲ್ಲಿತ್ತು. ನನ್ನಿಂದ ಆಗಲಿಲ್ಲ. ಎದ್ದೆ. ಯಾರ ಮುಖವನ್ನೂ ನೋಡದೆ ಅಂಗಳಕ್ಕಿಳಿದು ಕೊಟ್ಟಿಗೆಯ ಹಿಂದೆ ಹೋಗಿ ಬೀಸುಗಾಲು ಹಾಕಿ ನಡೆದೆ. ಎಷ್ಟು ಹಿತವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

ಬಡಿಸುತ್ತಿದ್ದ ಭಾವ, ಅಂದರೆ ತಂಗಿಯ ಗಂಡ, ಕೈ ತೊಳೆಯದೆ ನನ್ನ ಹಿಂದೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಎಂತ ಭಾವ, ಹುಡುಗ ಮನಸ್ಸಿಗೆ ಬರ್ಲಿಲ್ವಾ?"

ಕಾಲು ಕಣೋ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಡಾಕ್ಟರ ನಗು ಕಣ್ಣೆದುರು ಬಂತು. ಕಾಲೊಳಗೆ ಹರಿದಾಡುತ್ತದೆ ಎಂದು ಪಂಕ್ತಿ ಮುರಿದ ಮುದುಕ ಎನ್ನಿಸಿಕೊಳ್ಳುವುದಕ್ಕಿಂತ ಸಿಟ್ಟಿನಿಂದ ಎದ್ದ ಸೋದರಮಾವ ಎನ್ನಿಸಿಕೊಳ್ಳುವುದು ವಾಸಿ ಎನಿಸಿತು.

"ನನ್ನನ್ನ ಕೇಳಿ ನಿಶ್ಚಯ ಮಾಡಿದ್ರಾ ನೀವು?" ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ಹೆಂಡತಿ, ಈಗಲೇ ಫೋನ್ ಮಾಡಿ ನಿಜ ಹೇಳಿ ಎಂದಳು. ಅವಳ ಮೇಲೆ ರೇಗಿದೆ. ಕೊಪ್ಪದಲ್ಲಿ ಪರಿಚಯದವರು ಒಬ್ಬೊಬ್ಬರಾಗಿ ವಿಚಾರಿಸಲು ಬಂದರು. ಹುಡುಗನ ಕಡೆ ಎಂತದೋ ಇದೆಯಂತಲ್ಲ ಎಂದು ಕೇಳಿದರು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಬಿಡಿ, ನಮಗ್ಯಾಕೆ ಎಂದು ತಲೆ ಅಲ್ಲಾಡಿಸಿದೆ. ಆ ತಲೆ ಅಲ್ಲಾಡಿಸುವುದರಲ್ಲಿ ಒಂದು ಗತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಜನ ನನ್ನ ಮಾತಿಗೆ ಕಾಯುತ್ತಿದ್ದರು. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಅದು ಇಷ್ಟವಾಗಿತ್ತು.

ನರಸಿಂಹರಾಜಪುರದವರು ಛತ್ರ ಗೊತ್ತು ಮಾಡುವುದನ್ನು ನಿಲ್ಲಿಸಿದರು. ತಂಗಿ ನನ್ನೊಡನೆ ಮಾತು ಬಿಟ್ಟಳು. ಒಂದು ಮಧ್ಯಾಹ್ನ ಸೊಸೆಯ, ಅಂದರೆ ತಂಗಿಯ ಮಗಳ ಫೋನ್ ಬಂತು. ದನಿ ತಗ್ಗಿಸಿ ಮಾತಾಡಿದಳು.

"ಮಾವ, ಬಸ್‌ಸ್ಟ್ಯಾಂಡಲ್ಲಿ ಇದ್ದವ್ರು ನೀವು, ಎಲ್ಲರ ಸುದ್ದಿಯೂ ಗೊತ್ತಿರುತ್ತೆ. ಅವರ ವಿಷಯ ಎಂತದಾದ್ರೂ ಇದ್ರೆ ನಂಗೊಬ್ಬಳಿಗೆ ಹೇಳಿ. ಕುಡೀತಾರಾ?"

"ಛೆ, ಎಂತದೂ ಇಲ್ಲ ಕೂಸೇ."

"ಮತ್ತೆ ಯಾಕೆ ಎದ್ರಿ?"

ಬಾಗಿಲಿಗೆ ಯಾರೋ ಬಂದರು ಎಂದು ಫೋನ್ ಇಟ್ಟೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಆ ಹುಡುಗ ನನಗೆ ಏನು ಮಾಡಿದ್ದ? ನಾನು ಒಂದು ಮಾತೂ ಆಡದೆ ಅವನ ಹೆಸರು ಕೆಡಿಸಿದ್ದೆ, ಅವನನ್ನು ಮದುವೆಯಾಗಬೇಕಾದವಳ ಮನಸ್ಸಿನಲ್ಲೇ.

ಹೇಳುವುದೇನೋ ಸರಿ, ಆದರೆ ನಂಬುತ್ತಾರಾ? ಕಾಯಿಲೆಗೊಂದು ಹೆಸರಾದರೂ ಬೇಕು ಎಂದು, ವಾರಕ್ಕೊಮ್ಮೆ ಶೃಂಗೇರಿಗೆ ಬರುತ್ತಿದ್ದ ನರರೋಗದ ಡಾಕ್ಟರ ಹತ್ತಿರ ಹೋದೆ. ಅವರು ನಗಲಿಲ್ಲ. ಕೂತಾಗ ಮಾತ್ರವಾ, ಸಂಜೆಗೆ ಹೆಚ್ಚಾ, ನಡೆದರೆ ಹೋಗುತ್ತಾ ಎಂದು ನಾನು ಹೇಳುವ ಮೊದಲೇ ಕೇಳಿದರು. ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿ, ಕಾಲು ಸುಮ್ಮನಿರಲಾರದ ಕಾಯಿಲೆ ಅಂತ ತಿಳ್ಕೊಳ್ಳಿ ಎಂದರು. ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಅಂಶ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟರು, ಸಂಜೆಯ ಕಾಫಿ ಬಿಡಿಸಿದರು. ಹೊರಗೆ ಬಂದು ತುಂಗೆಯ ಮೆಟ್ಟಿಲ ಮೇಲೆ ನಿಂತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಸರಿರುವ ಕಾಯಿಲೆ! ಮೊದಲನೆಯ ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು. ನಕ್ಕದ್ದು ಯಾಕೆ?

ಮರುದಿನವೇ ನರಸಿಂಹರಾಜಪುರದ ಬಸ್ಸು ಹತ್ತಿದೆ. ನಿಂತುಕೊಂಡೇ ಹೋದೆ. ಪರಿಚಯದ ಕಂಡಕ್ಟರ್ ಯಾರೋ ಹುಡುಗಿಯನ್ನು ಎಬ್ಬಿಸಿ ಸೀಟು ಕೊಡಿಸಿದ. ಬೇಡ ಎಂದದ್ದಕ್ಕೆ ಅವಳೂ ಅವನೂ ಇಬ್ಬರೂ ಮುನಿಸಿಕೊಂಡರು.

ಹುಡುಗನ ಅಪ್ಪ ಅಂಗಡಿಯಲ್ಲಿದ್ದರು. ಮನೆಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದರು. ನಿಂತೇ ಹೇಳುತ್ತೇನೆ ಎಂದೆ. ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತ ಎಲ್ಲ ಹೇಳಿದೆ, ಡಾಕ್ಟರ ಚೀಟಿಯನ್ನೂ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಅವತ್ತೇ ಹೇಳ್ಬಹುದಿತ್ತಲ್ಲ."

"ನಾಚಿಕೆ ಆಯ್ತು."

"ನಮ್ಮ ಹುಡುಗ ಕುಡುಕ ಅಂತ ಅಂಗಡಿ ಬಾಗಿಲಲ್ಲೇ ಜನ ಮಾತಾಡಿದ್ರು. ಆಗ ನಾಚಿಕೆ ಆಗ್ಲಿಲ್ವಾ?"

ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಸಂಬಂಧ ಮುರಿಯುವ ಯೋಚನೆ ತಮಗಿಲ್ಲ, ಹುಡುಗಿ ಒಳ್ಳೆಯವಳು ಎಂದು ಅವರು ಹೇಳಿದರು. ನನ್ನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ. ಅಲ್ಲಿಂದಲೇ ನಾರ್ವೆಗೆ ಹೋಗಿ ಸೊಸೆಗೂ ತಂಗಿಗೂ ಹೇಳಿದೆ. ಸೊಸೆ ಅತ್ತಳು. ತಂಗಿ ಒಳಗೆ ಹೋದಳು.

ಕೊಪ್ಪದಲ್ಲಿ ವಿಚಾರಿಸಲು ಬಂದಿದ್ದವರ ಹತ್ತಿರ ನಾನೇ ಹೋಗಿ, ಹುಡುಗನಲ್ಲಿ ಎಂತದೂ ಇಲ್ಲ, ನನ್ನ ಕಾಲಿನದು ಎಂದೆ. "ಈಗ ಸಂಬಂಧ ಸರಿಹೋಯ್ತಲ್ಲ, ಮುಚ್ಚಿ ಹಾಕ್ತಿದೀರಿ" ಎಂದು ಕಣ್ಣು ಹೊಡೆದರು. ತಲೆ ಅಲ್ಲಾಡಿಸಿದ್ದನ್ನು ನಂಬಿದ ಜನ ಬಾಯಿಬಿಟ್ಟು ಹೇಳಿದ್ದನ್ನು ನಂಬಲಿಲ್ಲ. ಇಂಥವರನ್ನು ಏನೆನ್ನಬೇಕು?

ಮದುವೆಯ ದಿನ ಸೊಸೆಯನ್ನು ನಾನೇ ಕೈಹಿಡಿದು ಮಂಟಪಕ್ಕೆ ಕರೆತಂದೆ. ಅದು ಅವಳ ಹಟ. ಮಾತ್ರೆಗೂ ಕಾಲು ಪೂರ್ತಿ ಬಗ್ಗಿರಲಿಲ್ಲ, ಊಟದ ಹೊತ್ತಿಗೆ ಮೆಲ್ಲಗೆ ಹೊರಗೆ ಜಾರಿಕೊಳ್ಳುತ್ತಿದ್ದಾಗ ತಂಗಿ ಅಡ್ಡ ನಿಂತಳು. ಅಷ್ಟು ದಿನಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಅಣ್ಣಯ್ಯ, ಕೂರೋದು ಬೇಡ. ಆದ್ರೆ ಯಾಕೆ ಕೂರಲ್ಲ ಅಂತ ಪಂಕ್ತಿ ಎದುರು ನೀನೇ ಹೇಳು. ಇಲ್ಲದಿದ್ರೆ ಇವತ್ತೂ ಅವಳ ಗಂಡನ್ನೇ ಆಡ್ಕೋತಾರೆ."

ಎಲೆಗಳ ನಡುವಿನ ದಾರಿಯಲ್ಲಿ ನಿಂತು, ಎರಡೂ ಕಡೆಯವರಿಗೆ ಕೇಳುವ ಹಾಗೆ ಹೇಳಿದೆ. ನನ್ನ ಕಾಲಿನೊಳಗೆ ಏನಾಗುತ್ತದೆ, ಅವತ್ತು ಯಾಕೆ ಎದ್ದೆ, ಎದ್ದ ಮೇಲೆ ಏನು ಸುಳ್ಳಾಡಿದೆ, ಎಲ್ಲ. ಅಲ್ಲಲ್ಲಿ ನಕ್ಕರು. ಕೊಪ್ಪದಿಂದ ಬಂದವರಲ್ಲಿ, ಅವತ್ತು ಕಣ್ಣು ಹೊಡೆದಿದ್ದ ಇಬ್ಬರು ಎಲೆಯ ಮೇಲೆ ಮುಖ ಬಗ್ಗಿಸಿ ಕೂತರು. ಹುಡುಗನ ಅಪ್ಪ ಸೊಸೆಯ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳಿತಲ್ಲ, ಇನ್ನು ಆಪೋಶನಕ್ಕೆ ನೀರು ಹಾಕಿ ಎಂದು ಬಡಿಸುವವರನ್ನು ಕರೆದರು.